ರಾತ್ರಿ ನೀರು ಬಿಡೋರಿಗೆ ತಲೆ ಬ್ಯಾಟ್ರಿ: ಬಳಸಿ ನೋಡಿ ಬರೆದಿದ್ದು

ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಿತ್ತು ಅಂದರೆ ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ನಿದ್ದೆ ಇಲ್ಲ. ಮೋಟರ್ ಹಾಕಬೇಕು, ಗೇಟ್‌ವಾಲ್ ತಿರುಗಿಸಬೇಕು, ಡ್ರಿಪ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಬಿಚ್ಚಿ ತೊಳೆಯಬೇಕು. ಎಲ್ಲದಕ್ಕೂ ಎರಡು ಕೈ ಬೇಕು. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸ್ಪ್ಯಾನರ್ ತಿರುಗಿಸಿದವರಿಗೆ ಗೊತ್ತು, ಬೆಳಕು ಬೇಕಾದ ಜಾಗ ಒಂದು, ಬೀಳೋ ಜಾಗ ಇನ್ನೊಂದು. ಹಾಗಾಗಿ ದಾವಣಗೆರೆ ಮಂಡಿಪೇಟೆ ಕಡೆ ಹೋದಾಗ ಒಂದು ಹೆಡ್ ಟಾರ್ಚ್ ತಂದೆ. 700 ರೂಪಾಯಿ ಆಯ್ತು.

ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇದೇ ಮಾಲು ನಾಲ್ಕಾರು ಹೆಸರಲ್ಲಿ ಮಾರ್ಕೆಟ್ಟಿನಲ್ಲಿದೆ. ಗುರುತು ಹೇಳುತ್ತೇನೆ. ಮುಂದೆ ಅಲ್ಯೂಮಿನಿಯಂ ಬುರುಡೆ, ಅದರಲ್ಲಿ ಒಂದು ಬಿಳಿ ಎಲ್‌ಇಡಿ, ಪಕ್ಕದಲ್ಲಿ ಸಣ್ಣ ಕೆಂಪು ಎಲ್‌ಇಡಿ. ಹಿಂದೆ ತಲೆಯ ಬುಡಕ್ಕೆ ಸೆಲ್ ಡಬ್ಬಿ. ಆ ಡಬ್ಬಿಯ ಮುಚ್ಚಳ ತೆಗೆದರೆ ಒಂದು 18650 ಸೆಲ್ (ಚಾರ್ಜ್ ಮಾಡಿ ಮತ್ತೆ ಬಳಸೋ ಲಿಥಿಯಂ ಸೆಲ್) ಸಿಗುತ್ತೆ, ಕೈಯಲ್ಲೇ ತೆಗೆದು ಹಾಕಬಹುದು. ನಾನು ಇದನ್ನೇ ಆರಿಸಿಕೊಳ್ಳೋಕೆ ಕಾರಣ ಈ ಸೆಲ್ಲು, ಬೇರೇನೂ ಅಲ್ಲ.

ಟಾರ್ಚ್ ಇಟ್ಟು ಮಾರೋ ಡಬ್ಬಿಯ ಮೇಲೆ ಬರೆದಿರೋದನ್ನು ನಂಬಬೇಡಿ. ಇದರ ಮೇಲೆ ಸಾವಿರಗಟ್ಟಲೆ ಲುಮೆನ್ (ಒಟ್ಟು ಬೆಳಕಿನ ಅಳತೆ), ಒಂದು ಕಿಲೋಮೀಟರ್ ದೂರ ಅಂತ ಇದೆ. ಟಾರ್ಚು ಇಷ್ಟು ದೂರ ಬೀಳುತ್ತೆ ಅಂತ ಅಳೆಯೋಕೆ ಎಎನ್‌ಎಸ್‌ಐ ಎಫ್‌ಎಲ್1 ಅನ್ನೋ ಮಾನದಂಡ ಇದೆ. ಅದರ ಪ್ರಕಾರ ದೂರ ಅಂದರೆ ಬೆಳಕು 0.25 ಲಕ್ಸ್‌ಗೆ ಇಳಿಯೋ ಜಾಗ. ಅಂದರೆ ಹೆಚ್ಚುಕಮ್ಮಿ ಹುಣ್ಣಿಮೆ ಬೆಳದಿಂಗಳು. ಒಳ್ಳೆ ಕಂಪನಿಯವರು ಕೊಡೋ ಲೆಕ್ಕದಲ್ಲೂ ಆ ಕೊನೆಯಲ್ಲಿ ಏನೋ ಇದೆ ಅಂತ ಗೊತ್ತಾಗುತ್ತೆ ಅಷ್ಟೇ, ಏನು ಅಂತ ಗೊತ್ತಾಗಲ್ಲ. ಅದರಲ್ಲೇ ಇನ್ನೊಂದು ವಿಷಯ: ಇಷ್ಟು ಗಂಟೆ ಉರಿಯುತ್ತೆ ಅನ್ನೋದನ್ನು ಬೆಳಕು ಶುರುವಿನ 10 ಪರ್ಸೆಂಟಿಗೆ ಇಳಿಯೋವರೆಗೂ ಎಣಿಸುತ್ತಾರೆ. ಹಾಗಾಗಿ ಡಬ್ಬಿಯ ಮೇಲೆ 8 ಗಂಟೆ ಅಂತಿದ್ದರೆ ಎಂಟು ಗಂಟೆಯೂ ಒಂದೇ ಬೆಳಕು ಅಂದುಕೊಳ್ಳಬೇಡಿ.

ತೋಟದ ಕೆಲಸಕ್ಕೆ ದೂರ ಬೇಕಾಗೇ ಇಲ್ಲ. ಕಾಲ ಬುಡ, ಕೈ ಮುಂದೆ, ಮುಂದಿನ ಎರಡು ಸಾಲು ಗಿಡ, ಇಷ್ಟು ಹರಡಿ ಕಂಡರೆ ಸಾಕು. ಇದರಲ್ಲಿ ಮೂರು ಹಂತ ಇದೆ, ನಾನು ಜಾಸ್ತಿ ಬಳಸೋದು ನಡುವಿನದು. ಪೂರ್ತಿ ಬೆಳಕು ಹಾಕಿದರೆ ಒದ್ದೆ ಎಲೆ, ಬಿಳಿ ಪೈಪು ಎಲ್ಲ ಹೊಳೆದು ಕಣ್ಣಿಗೇ ಹೊಡೆಯುತ್ತೆ, ಬುರುಡೆಯೂ ಬಿಸಿಯಾಗುತ್ತೆ. ಮಂಜು ಬಿದ್ದಾಗ ಮತ್ತು ಸ್ಪ್ರಿಂಕ್ಲರ್ ಓಡುವಾಗ ತಲೆಯಿಂದ ತೆಗೆದು ಸೊಂಟದ ಹತ್ತಿರ ಹಿಡಿಯಿರಿ. ಬೆಳಕು ಕಣ್ಣಿನ ಪಕ್ಕದಲ್ಲೇ ಇದ್ದರೆ ಹನಿಗಳೇ ಗೋಡೆ ಆಗಿ ನಿಲ್ಲುತ್ತವೆ.

ಈಗ ಹಾವಿನ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ತಲೆ ಬ್ಯಾಟ್ರಿ ಹಾಕಿಕೊಂಡ ಮೇಲೆ ಎಲ್ಲ ಕಾಣುತ್ತೆ ಅಂತ ಜನ ಧೈರ್ಯವಾಗಿ ಬಿರಬಿರನೆ ನಡೆಯುತ್ತಾರೆ. ಕೊಳಕುಮಂಡಲ ಉದುರಿದ ಸೋಗೆ, ಒಣಗಿದ ಅಡಿಕೆ ಹಾಳೆ ನಡುವೆ ಸುತ್ತಿಕೊಂಡು ಮಲಗಿದರೆ ಹಗಲಲ್ಲೇ ಗೊತ್ತಾಗಲ್ಲ. ರಾತ್ರಿ ಹಣೆಯಿಂದ ಬೆಳಕು ಬಿಟ್ಟರೆ ಇನ್ನೂ ಕಷ್ಟ. ಕಣ್ಣು ನೋಡೋ ದಿಕ್ಕಿನಿಂದಲೇ ಬೆಳಕು ಬೀಳುತ್ತೆ, ವಸ್ತುವಿನ ನೆರಳು ಅದರ ಹಿಂದೆಯೇ ಅಡಗಿಬಿಡುತ್ತೆ, ಉಬ್ಬು ತಗ್ಗು ಎಲ್ಲ ಒಂದೇ ಸಮ ಕಾಣುತ್ತೆ. ಅದೇ ಒಂದು ಕೈ ಟಾರ್ಚನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ ನೆಲದ ಮೇಲೆ ಓರೆಯಾಗಿ ಹಾಯಿಸಿ. ಒಂದೊಂದು ಕಡ್ಡಿಗೂ ಉದ್ದ ನೆರಳು ಬೀಳುತ್ತೆ. ಸುರುಳಿ ಸುತ್ತಿದ ಮೈಯ ದುಂಡಗಿನ ಅಂಚು ಆಗ ಎದ್ದು ಕಾಣುತ್ತೆ. ಮನೆ ಅಂಗಳದಲ್ಲಿ ಒಣ ಸೋಗೆ ಮೇಲೆ ಹಗ್ಗದ ತುಂಡು ಹಾಕಿ ಎರಡೂ ಥರ ನೋಡಿ, ವ್ಯತ್ಯಾಸ ಆ ಕ್ಷಣಕ್ಕೇ ತಿಳಿಯುತ್ತೆ.

ಹಾಗಾಗಿ ನನ್ನ ಮಾತು ಇಷ್ಟು. ನಡೆಯೋಕೆ ಕೈ ಟಾರ್ಚು, ಕೆಲಸಕ್ಕೆ ತಲೆ ಬ್ಯಾಟ್ರಿ. ಎರಡೂ ಇರಲಿ. ಕಾಲಿಗೆ ಗಂಬೂಟು ಇರಲೇಬೇಕು. ಚಪ್ಪಲಿಯಲ್ಲಿ ವಾಲ್ ತಿರುಗಿಸೋಕೆ ಹೋಗೋದನ್ನು ದಯವಿಟ್ಟು ಬಿಡಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಕೇಸನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕು ಅಂತ ಮಾಡಿದ್ದು ಸುಮ್ನೆ ಅಲ್ಲ. ಕಚ್ಚಿದರೆ ಕಟ್ಟು ಬಿಗಿಯೋದು, ಕೊಯ್ಯೋದು, ನಾಟಿ ಔಷಧಿ ಅಂತ ಓಡಾಡೋದು ಬೇಡ. ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಿ.

ಸೆಲ್ ವಿಷಯಕ್ಕೆ ಬರೋಣ. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಯಾವ ಊರಲ್ಲೂ ಅದೇ ಅಳತೆ, ಹಾಗಾಗಿ ಸೆಲ್ ಸತ್ತರೆ ಟಾರ್ಚ್ ಬಿಸಾಡಬೇಕಾಗಿಲ್ಲ. ಕಡಿಮೆ ಬೆಲೆಯ ಹೆಡ್ ಟಾರ್ಚುಗಳಲ್ಲಿ ಸೆಲ್ಲನ್ನು ಒಳಗೇ ಅಂಟಿಸಿ ಮುಚ್ಚಿರುತ್ತಾರೆ, ಬ್ಯಾಟರಿ ಮುಗಿದ ದಿನ ಟಾರ್ಚೂ ಮುಗಿಯುತ್ತೆ. ಅಂಥದ್ದು ಅರ್ಧ ಬೆಲೆಗೆ ಸಿಕ್ಕರೂ ತಗೋಬೇಡಿ. ಇನ್ನು ಇದರ ಜೊತೆ ಬಂದ ಸೆಲ್ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಬರೆದಿತ್ತು. ಈ ಅಳತೆಯ ಸೆಲ್ಲಿನಲ್ಲಿ ಹೆಸರುವಾಸಿ ಕಂಪನಿಗಳು ಕೊಡೋದೇ 3500ರ ಆಸುಪಾಸು. ಪರೀಕ್ಷೆ ಸುಲಭ. ಗ್ರಾಂ ತೂಗೋ ತಕ್ಕಡಿ ಮೇಲೆ ಇಡಿ. ಒಳ್ಳೆ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತೆ, ಕಳಪೆಯದು ಅದಕ್ಕಿಂತ ತುಂಬಾ ಹಗುರ. ನಾನು ಬೇರೆ ಒಳ್ಳೆ ಸೆಲ್ ಹಾಕಿದ ಮೇಲೆ ನಡು ಹಂತದಲ್ಲಿ ಒಂದು ಪಾಳಿ ಪೂರ್ತಿ ಓಡುತ್ತೆ. ಮೊದಲಿನದರಲ್ಲಿ ಪಾಳಿ ಅರ್ಧ ಆಗೋಷ್ಟರಲ್ಲಿ ಮಂಕಾಗುತ್ತಿತ್ತು. 700ಕ್ಕೆ ಈ ಸೆಲ್ಲಿನ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ.

ಎಕ್ಸ್‌ಟ್ರಾ ಸೆಲ್ ಇಟ್ಟುಕೊಂಡರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಜೇಬಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಹಾಕಿದರೆ ಶಾರ್ಟ್ ಆಗಿ ಸುಡುತ್ತೆ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲೂ ಬೇಡ. ಬೇಸಿಗೆಯಲ್ಲಿ ದಾವಣಗೆರೆ ಬಿಸಿಲು ಗೊತ್ತಲ್ವಾ.

ಚಾರ್ಜಿಂಗ್ ಕಿರಿಕಿರಿ ಒಂದಿದೆ. ಸಿ ಪಿನ್ ಕಿಂಡಿ ಇದೆ, ಆದರೆ ಎರಡೂ ಕಡೆ ಸಿ ಪಿನ್ ಇರೋ ಹೊಸ ಮೊಬೈಲ್ ವೈರ್ ಹಾಕಿದರೆ ಚಾರ್ಜ್ ಆಗಲ್ಲ. ಟಾರ್ಚ್ ಕೆಟ್ಟಿಲ್ಲ. ಆ ಥರದ ಚಾರ್ಜರ್ ಕರೆಂಟು ಬಿಡಬೇಕಾದರೆ ಈ ಕಡೆಯಿಂದ ಗುರುತು ಸಿಗಬೇಕು. ಅದಕ್ಕೆ ಬೇಕಾದ ಎರಡು ಪುಟ್ಟ ರೆಸಿಸ್ಟರುಗಳನ್ನು ಕಡಿಮೆ ಬೆಲೆಯ ಸಾಮಾನಿನಲ್ಲಿ ಹಾಕಿರಲ್ಲ. ಹಳೇ ಥರದ ಅಗಲ ಯುಎಸ್‌ಬಿ ಪಿನ್ನಿನ ವೈರ್ ಹಾಕಿ, ತಕ್ಷಣ ಕೆಂಪು ದೀಪ ಹತ್ತುತ್ತೆ. ತುಂಬಿದ ಮೇಲೆ ಹಸಿರು. ನಮ್ಮ ಪಕ್ಕದ ತೋಟದ ಅಣ್ಣ ಇದೇ ಕಾರಣಕ್ಕೆ ವಾಪಸ್ ಕೊಡೋಕೆ ಹೊರಟಿದ್ದರು, ವೈರ್ ಬದಲಾಯಿಸಿದ ಮೇಲೆ ಸರಿಹೋಯ್ತು.

ನೀರಿನ ಮಟ್ಟಿಗೆ ಇದಕ್ಕೆ ಐಪಿಎಕ್ಸ್4 ಅಂತ ಬರೆದಿದ್ದಾರೆ. ಅಂದರೆ ಎರಚೋ ನೀರು ತಡೆಯುತ್ತೆ. ಮುಳುಗಿಸಿದರೆ ಅಲ್ಲ, ಅದಕ್ಕೆ ಐಪಿಎಕ್ಸ್7 ಬೇಕು, ಒಂದು ಮೀಟರ್ ನೀರಲ್ಲಿ 30 ನಿಮಿಷ. ಜಡಿ ಮಳೆಯಲ್ಲಿ ಇದು ಕೈ ಕೊಟ್ಟಿಲ್ಲ. ಆದರೆ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಸಡಿಲ, ಬೆವರು ಅಲ್ಲಿಂದಲೇ ಇಳಿಯುತ್ತೆ. ಸೆಲ್ ಕೂರೋ ಜಾಗದ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದು ಬೆಳಕು ಮಿಣುಕಿದರೆ ಗಾಬರಿ ಬೇಡ. ಸೆಲ್ ಹೊರಗೆ ತೆಗೆಯಿರಿ. ಹಳೆ ಹಲ್ಲುಜ್ಜೋ ಬ್ರಷ್ಷಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಉಜ್ಜಿ, ಸ್ಪ್ರಿಂಗನ್ನು ಒಂದು ಚೂರು ಎಳೆದು ಉದ್ದ ಮಾಡಿ, ಪೂರ್ತಿ ಒಣಗಿಸಿ ಹಾಕಿ. ಸೆಲ್ ಡಬ್ಬಿಯಿಂದ ಬುರುಡೆಗೆ ಹೋಗೋ ವೈರ್ ಮಾತ್ರ ಇದರ ನಿಜವಾದ ಕೊರತೆ. ಬುರುಡೆ ಬಗ್ಗಿಸೋ ಜಾಗದಲ್ಲಿ ಅದು ಮಡಚಿ ಮಡಚಿ ತುಂಡಾಗುತ್ತೆ. ತಂದ ದಿನವೇ ಆ ಜಾಗಕ್ಕೆ ಒಂದು ಇಂಚು ಇನ್ಸುಲೇಷನ್ ಟೇಪ್ ಸುತ್ತಿಬಿಡಿ. ತುಂಡಾದರೂ ಮೊಬೈಲ್ ರಿಪೇರಿ ಮಾಡೋ ಹುಡುಗರು ಬೆಸುಗೆ ಹಾಕಿಕೊಡುತ್ತಾರೆ.

ಬುರುಡೆಯಲ್ಲಿರೋ ಕೆಂಪು ದೀಪವನ್ನು ಬಹಳ ಜನ ಆಟದ ಸಾಮಾನು ಅಂದುಕೊಂಡಿದ್ದಾರೆ. ಮೊದಲ ಮಳೆ ಬಿದ್ದ ಮೇಲೆ ರೆಕ್ಕೆ ಹುಳು ಏಳುತ್ತಲ್ಲ, ಆಗ ಹಣೆಗೆ ಬಿಳಿ ಬೆಳಕು ಕಟ್ಟಿಕೊಂಡು ಐದು ನಿಮಿಷ ನಿಂತು ನೋಡಿ, ಮೂಗು ಬಾಯಿ ಎಲ್ಲ ಹುಳುವೇ. ಕೆಂಪಿಗೆ ಅಷ್ಟು ಬರಲ್ಲ. ಇನ್ನೊಂದು ಲಾಭ, ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಬಿಳಿ ಬೆಳಕು ಒಮ್ಮೆ ಹೊಡೆದರೆ ಅದೆಲ್ಲ ಹೋಯ್ತು. ಮೋಟರ್ ಮನೆಯಲ್ಲಿ ಕೂತು ಕಾಯುವಾಗ ಕೆಂಪು ಸಾಕು. ಆದರೆ ಕೆಂಪಲ್ಲಿ ನಡೆಯಬೇಡಿ, ಸ್ಟಾರ್ಟರ್ ಡಬ್ಬಿಯಲ್ಲಿ ಕೈ ಹಾಕಬೇಡಿ, ವೈರಿನ ಬಣ್ಣ ಗೊತ್ತಾಗಲ್ಲ.

ಅಂಗಡಿ ಬಗ್ಗೆಯೂ ಒಂದು ಮಾತು. ಕೊಳ್ಳೋ ಮುಂಚೆ ಸೆಲ್ ತೆಗೆದು ನೋಡೋಕೆ ಬಿಟ್ಟರು, ಒಳಗಿನ ಕತ್ತಲೆ ಗೋಡೌನಿಗೆ ಕರೆದುಕೊಂಡು ಹೋಗಿ ಎರಡು ಮಾಡೆಲ್ ಉರಿಸಿ ತೋರಿಸಿದರು. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಎಲ್ಲ ಟಾರ್ಚೂ ಒಂದೇ ಥರ ಕಾಣುತ್ತೆ, ಆದ್ದರಿಂದ ನೀವೂ ಕೇಳಿ. ಗೋಡೆ ಮೇಲೆ ಬಿದ್ದ ಬೆಳಕಿನ ನಡುವೆ ನೀಲಿ ಛಾಯೆ ಕಂಡರೆ ಬಿಟ್ಟು, ಸ್ವಲ್ಪ ಹಳದಿ ಕಡೆ ಇರೋದನ್ನು ಆರಿಸಿ. ಮಣ್ಣು, ಸೋಗೆ, ಹಾವು ಎಲ್ಲ ಕಂದು ಬಣ್ಣದವೇ, ನೀಲಿ ಬೆಳಕಲ್ಲಿ ಅವು ಒಂದಕ್ಕೊಂದು ಬೆರೆತುಹೋಗುತ್ತವೆ. ಐದರಲ್ಲಿ ನಾಲ್ಕು ಕೊಡುತ್ತೇನೆ. ಆ ವೈರ್ ಗಟ್ಟಿ ಇದ್ದಿದ್ದರೆ ಇನ್ನೂ ಅರ್ಧ ಜಾಸ್ತಿ ಕೊಡುತ್ತಿದ್ದೆ.