ಕಾರವಾರ ಬಿಡುವ ಮುನ್ನ: ಮೀನು ಮಾರುಕಟ್ಟೆ ಬಳಿಯ ಒಂದು ಖಾನಾವಳಿ

ಹನ್ನೊಂದು ವರ್ಷ ಕಾರವಾರದಲ್ಲಿದ್ದು ಈಗ ವರ್ಗವಾಗಿ ಹುಬ್ಬಳ್ಳಿಗೆ ಹೊರಟಿರುವ ನನಗೆ, ಅಲ್ಲಿ ಯಾವುದರ ಕೊರತೆ ಹೆಚ್ಚು ಕಾಡೀತು ಎಂದು ಯೋಚಿಸುವಾಗ ಕಡಲತೀರಕ್ಕಿಂತ ಮೊದಲು ನೆನಪಾದದ್ದು ಮೀನು ಮಾರುಕಟ್ಟೆಯ ಸಮೀಪದ, ಆರೇ ಮೇಜುಗಳ ಒಂದು ಖಾನಾವಳಿ. ಅದರ ಫಲಕದಲ್ಲಿ ‘ಊಟ ತಯಾರಿದೆ’ ಎಂದಷ್ಟೇ ಬರೆದಿದೆ.

ಮೀನು ಹುಬ್ಬಳ್ಳಿಯಲ್ಲೂ ಸಿಗುತ್ತದೆ, ಈ ಕರಾವಳಿಯ ಮೀನೇ ಐಸ್ ಹಾಕಿಕೊಂಡು ಅರಬೈಲ್ ಘಟ್ಟ ಹತ್ತಿ ಹೋಗುತ್ತದೆ ಎಂದು ಸ್ನೇಹಿತರು ಸಮಾಧಾನ ಹೇಳುತ್ತಾರೆ. ಇಸವಣ (ಸುರಮಯಿ) ಮೀನಿನ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ. ಆದರೆ ಎಣ್ಣೆಯಂಶ ಹೆಚ್ಚಿರುವ ಬಂಗಡೆ, ತಾರ್ಲೆಗಳು ಬೇಗ ಕೆಡುವ ಮೀನುಗಳು. ತಿರಫಲವೆಂಬ ಮಸಾಲೆಕಾಯಿ ಜಜ್ಜಿ ಹಾಕಿದ ಇಲ್ಲಿಯ ಬಂಗಡೆ ಸಾರಿನ ರುಚಿ ಬೆಳಗಿನ ಮೀನನ್ನು ಮಧ್ಯಾಹ್ನವೇ ಬೇಯಿಸುವುದರಿಂದ ಬಂದದ್ದು. ಕಾಳಿ ನದಿಯ ಅಳಿವೆಯಿಂದ ತೆಗೆದು ತಂದ ತಿಸರೆಯನ್ನು (ಚಿಪ್ಪುಮೀನು) ಕಾಯಿತುರಿಯೊಂದಿಗೆ ಸುಕ್ಕೆ, ಅಂದರೆ ಒಣಪಲ್ಯ, ಮಾಡುವಾಗಲಂತೂ, ಸತ್ತು ಬಾಯಿ ತೆರೆದುಕೊಂಡ ಒಂದೊಂದು ಚಿಪ್ಪನ್ನೂ ಅಡುಗೆಗೆ ಮೊದಲೇ ಆರಿಸಿ ಎಸೆಯುವುದನ್ನು ನಾನು ಹಿತ್ತಲ ಬಾಗಿಲಿನಿಂದ ಎಷ್ಟೋ ಸಲ ನೋಡಿದ್ದೇನೆ.

ಇದಕ್ಕಿಂತ ದೊಡ್ಡದು ಖಾನಾವಳಿ ನಡೆಸುವ ಅಕ್ಕನವರ ಪ್ರಾಮಾಣಿಕತೆ. ‘ಸರ್, ಇವತ್ತು ಬಂಗಡೆ ಬೇಡ, ನಿನ್ನೆಯದು, ಲೇಪೆ ತಗೊಳ್ಳಿ’ ಎಂದು ಹೆಚ್ಚು ದರದ ಮೀನನ್ನು ಬಿಡಿಸಿ ಕಡಿಮೆ ದರದ್ದನ್ನು ಬಡಿಸಿದ ದಿನಗಳು ಒಂದೆರಡಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲದ ಕಾಲದಲ್ಲಿ ಅವರು ಹೊರಗಿನ ಐಸ್ ಮೀನನ್ನು ತರಿಸಿ ತಾಜಾ ಎಂದು ಮಾರಿದವರಲ್ಲ. ನಾಡದೋಣಿಯವರು ತಂದರೆ ಅದು, ಇಲ್ಲವಾದರೆ ಒಣಸಿಗಡಿಯ ಚಟ್ನಿ, ಕುಚ್ಚಲಕ್ಕಿ ಅನ್ನ, ಪುನರ್ಪುಳಿಯ ಸೋಲ್‌ಕಡಿ. ಮಳೆ ಸುರಿಯುವ ಮಧ್ಯಾಹ್ನದ ಆ ಬಡ ಊಟವನ್ನು ನಾನು ಇಸವಣದ ರವಾ ಫ್ರೈಗಿಂತ ಮೇಲೆ ಇಡುತ್ತೇನೆ.

ಕೊರತೆಗಳೂ ಇವೆ. ಹುರಿದ ಮೀನಿಗೆ ಎಣ್ಣೆ ಹೆಚ್ಚು, ಫ್ಯಾನು ಎರಡೇ, ಭಾನುವಾರ ಒಂದೂವರೆಯ ಮೇಲೆ ಹೋದರೆ ಸಾರು ಮುಗಿದಿರುತ್ತದೆ. ಸಸ್ಯಾಹಾರಿಗಳಿಗೆ ಬೇಳೆಸಾರು, ಉಪ್ಪಿನಕಾಯಿ ಬಿಟ್ಟು ಹೆಚ್ಚೇನೂ ಇಲ್ಲ.

ಹುಬ್ಬಳ್ಳಿಯ ಮೇಲೆ ನನಗೆ ಅಸಮಾಧಾನವಿಲ್ಲ. ವಯಸ್ಸಾದ ತಾಯಿಗೆ ಬೇಕಾದ ದೊಡ್ಡ ಆಸ್ಪತ್ರೆಗಳು ಅಲ್ಲಿವೆ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿಗಳ ಊಟಕ್ಕೂ ಒಗ್ಗಿಕೊಂಡೇನು. ಆದರೆ ‘ಇವತ್ತು ಇದು ಬೇಡ’ ಎಂದು ಹೇಳುವಷ್ಟು ಪರಿಚಯ ಬೆಳೆಯಲು ಹೊಸ ಊರಿನಲ್ಲಿ ಎಷ್ಟು ವರ್ಷ ಬೇಕಾದೀತೋ. ಜುಲೈ ಕೊನೆಗೆ ಮನೆ ಬಿಡುವುದಾಗಿ ಹೇಳಿದ್ದವನು, ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಎರಡು ವಾರ ಇರಲು ಅವಕಾಶ ಕೊಡಿ ಎಂದು ಮನೆಯ ಮಾಲೀಕರನ್ನು ಕೇಳಿಕೊಂಡಿದ್ದೇನೆ.