ಲ್ಯಾಬ್, ಬೀಗಲ್, ಪಗ್, ಶೆಫರ್ಡ್, ಗ್ರೇಹೌಂಡ್: ನಿಮ್ಮ ದಿನಚರಿಗೆ ಯಾವ ನಾಯಿ ಹೊಂದುತ್ತದೆ?

"ಮನೆ ಚಿಕ್ಕದು, ಯಾವ ತಳಿ ಆದೀತು?" ಎಂದೇ ಎಲ್ಲರೂ ಶುರು ಮಾಡುತ್ತಾರೆ. ಮನೆಯ ಅಳತೆಗೆ ಅಷ್ಟೊಂದು ಬೆಲೆ ಇಲ್ಲ. 30 ಕೆಜಿಯ ಗ್ರೇಹೌಂಡ್ ಒಂದೇ ಕೋಣೆಯ ಮನೆಯಲ್ಲೂ ದಿನವಿಡೀ ಮಲಗಿ ಕಳೆಯುತ್ತದೆ. 18 ಕೆಜಿಯ ಬಾರ್ಡರ್ ಕಾಲಿಗೆ ದೊಡ್ಡ ಅಂಗಳವಿದ್ದರೂ ಕೆಲಸವಿಲ್ಲದಿದ್ದರೆ ಸೋಫಾ ಹರಿದು ಹಾಕುತ್ತದೆ. ಕೇಳಿಕೊಳ್ಳಬೇಕಾದ್ದು ಬೇರೆಯೇ: ನಾಯಿಗೆಂದೇ ದಿನಕ್ಕೆ ಎಷ್ಟು ಹೊತ್ತು ಹೊರಗಿರಬಲ್ಲಿರಿ, ಅದು ಎಷ್ಟು ಗಂಟೆ ಒಂಟಿಯಾಗಿ ಇರಬೇಕಾಗುತ್ತದೆ, ಕೂದಲಿನ ಉಸಾಬರಿ ಎಷ್ಟು ಸಹಿಸಬಲ್ಲಿರಿ. ಸಾಕಿ, ತರಬೇತಿ ಕೊಟ್ಟು ನೋಡಿದ ತಳಿಗಳನ್ನು ಈ ಲೆಕ್ಕದಲ್ಲೇ ಪಕ್ಕಪಕ್ಕ ಇಡುತ್ತಿದ್ದೇವೆ.

ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್

ಎರಡೂ ಬೇಟೆಗಾರ ಹೊಡೆದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರಲೆಂದು ಬೆಳೆಸಿದ ತಳಿಗಳು. ಹಾಗಾಗಿ ಬಾಯಿ ಸುಮ್ಮನಿರುವುದಿಲ್ಲ. ಚಪ್ಪಲಿ, ರಿಮೋಟ್, ಕಾಲುಚೀಲ, ಸಿಕ್ಕಿದ್ದೆಲ್ಲ ಬಾಯಿಗೆ. ಗದರಿದರೆ ಉಪಯೋಗವಿಲ್ಲ, ಅಗಿಯಲು, ಹೊತ್ತು ತರಲು ಅದರದೇ ವಸ್ತು ಕೊಡಬೇಕು. ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಓಡಾಟ ಎರಡಕ್ಕೂ ಬೇಕು. ಒಂದು ವರ್ಷಕ್ಕೆ ದೇಹ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತದೆ, ಮರಿಬುದ್ಧಿ ಮಾತ್ರ ಇನ್ನೂ ಒಂದೆರಡು ವರ್ಷ ಹೋಗುವುದಿಲ್ಲ. ಜನ ಕೈಚೆಲ್ಲುವುದು ಈ ನಡುವಿನ ಅವಧಿಯಲ್ಲೇ.

ವ್ಯತ್ಯಾಸ ಇರುವುದು ಕೂದಲಿನಲ್ಲಿ. ಲ್ಯಾಬ್‌ನದು ಗಿಡ್ಡ, ಆದರೆ ಒಳಪದರವೂ ಇರುವುದರಿಂದ ಉದುರುವುದರಲ್ಲಿ ಕಡಿಮೆಯೇನಿಲ್ಲ. ವಾರಕ್ಕೆರಡು ಸಲ ರಬ್ಬರ್ ಬ್ರಷ್ ಆಡಿಸಿದರೆ ಸಾಕು. ಗೋಲ್ಡನ್‌ಗೆ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಹಿಂಬದಿಯಲ್ಲಿ ಗಂಟು ಕಟ್ಟುತ್ತದೆ. ಮೇಲ್ಪದರವನ್ನಷ್ಟೇ ಬಾಚಿದರೆ ಹೊರಗೆ ನುಣುಪಾಗಿ ಕಾಣುತ್ತದೆ, ಒಳಗೆ ಗಂಟು ಹಾಗೇ ಉಳಿಯುತ್ತದೆ. ಕೂದಲನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಬುಡದಿಂದ ಸಾಲುಸಾಲಾಗಿ ಸ್ಲಿಕರ್ ಬ್ರಷ್‌ನಲ್ಲಿ (ಸಣ್ಣ ತಂತಿ ಹಲ್ಲುಗಳ ಬ್ರಷ್) ಬಿಡಿಸಿ, ಕೊನೆಗೆ ಲೋಹದ ಬಾಚಣಿಗೆ ಎಲ್ಲೂ ಸಿಕ್ಕಿಕೊಳ್ಳದೆ ಹಾಯುತ್ತದೆಯೇ ಎಂದು ನೋಡಬೇಕು. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ, ಆಮೇಲೆ ಕತ್ತರಿಯೇ ಗತಿ.

ಲ್ಯಾಬ್‌ನ ತಲೆನೋವು ಹೊಟ್ಟೆಯದು. ಪಿಒಎಂಸಿ ಎಂಬ ಜೀನ್‌ನ ತುಣುಕೊಂದು ಸುಮಾರು ನಾಲ್ಕರಲ್ಲೊಂದು ಲ್ಯಾಬ್‌ನಲ್ಲಿ ಇಲ್ಲವೆಂದು 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಇಂಥ ನಾಯಿಗೆ ಎರಡು ಊಟದ ನಡುವೆ ಹಸಿವು ಜಾಸ್ತಿ. ಸುಮ್ಮನೆ ಮಲಗಿರುವಾಗ ಅದರ ದೇಹ ಸುಡುವ ಶಕ್ತಿಯೂ ಸುಮಾರು ಕಾಲು ಭಾಗ ಕಡಿಮೆ ಎಂಬುದು 2024ರಲ್ಲಿ ಗೊತ್ತಾಯಿತು. ಅದು ಮುಖ ನೋಡಿ ಬೇಡಿದಾಗಲೆಲ್ಲ ಹಾಕಿದರೆ ಎರಡು ವರ್ಷಕ್ಕೆ ಸೊಂಟದ ಕೀಲು ಮಾತಾಡತೊಡಗುತ್ತದೆ. ಲೆಕ್ಕ ಹೀಗೆ: ಕೆಜಿ ಲೆಕ್ಕದ ತೂಕದ 0.75 ಘಾತವನ್ನು (ಕ್ಯಾಲ್ಕುಲೇಟರ್‌ನ xʸ ಗುಂಡಿ) 70ರಿಂದ ಗುಣಿಸಿದರೆ ವಿಶ್ರಾಂತಿಗೆ ಬೇಕಾದ ಕಿಲೊಕ್ಯಾಲರಿ, ಅದನ್ನು 1.6ರಿಂದ ಗುಣಿಸಿದರೆ ಸಂತಾನಹರಣ ಮಾಡಿಸಿದ ವಯಸ್ಕ ನಾಯಿಯ ದಿನದ ಅಂದಾಜು. 30 ಕೆಜಿಗೆ ಇದು ಸುಮಾರು 1,430. ಲ್ಯಾಬ್ ಆದರೆ 1.4ರಿಂದಲೇ, ಅಂದರೆ ಸುಮಾರು 1,250ರಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ತೂಗಿ ಸರಿಪಡಿಸಿ. ಟ್ರೀಟ್‌ಗಳೆಲ್ಲ ಸೇರಿ ಹತ್ತನೇ ಒಂದು ಪಾಲು ಮೀರಬಾರದು. ಕಪ್‌ನಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ. ಒತ್ತದೆ ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು.

ಎರಡರಲ್ಲಿ ಒಂದೆಂದರೆ, ಬೆಳಿಗ್ಗೆ ಸಂಜೆ ತಪ್ಪದೆ ಹೊರಡುವವರು ಮನೆಯಲ್ಲಿದ್ದರೆ ಲ್ಯಾಬ್. ವಾರಕ್ಕೆ ಮೂರು ಸಲ ಇಪ್ಪತ್ತು ನಿಮಿಷ ಕೂತು ಬಾಚುವ ವ್ಯವಧಾನವೂ ಇದ್ದರೆ ಗೋಲ್ಡನ್.

ಬೀಗಲ್, ಡ್ಯಾಶ್‌ಹುಂಡ್

ಹತ್ತು ಕೆಜಿ ಆಸುಪಾಸಿನ ಗಾತ್ರ, ಮುದ್ದು ಮುಖ. ಇಷ್ಟನ್ನೇ ನೋಡಿ ಬೀಗಲ್ ತಂದವರಿಗೆ ಎರಡು ಆಘಾತ ಕಾದಿರುತ್ತವೆ. ಮೂಗಿಗೆ ವಾಸನೆ ಹತ್ತಿದರೆ ಕರೆದದ್ದು ಕಿವಿಗೆ ಬೀಳುವುದಿಲ್ಲ. ಮೊಲದ ಜಾಡು ಹಿಡಿದು ಮನುಷ್ಯನಿಗಿಂತ ಮುಂದೆ ಓಡಲೆಂದೇ ಬೆಳೆಸಿದ ತಳಿ ಇದು, ತಿರುಗಿ ನೋಡುವುದು ಅದರ ಕೆಲಸವಾಗಿರಲಿಲ್ಲ. ಎರಡನೆಯದು, ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ. ಬೇಟೆಯಲ್ಲಿ ತಾನೆಲ್ಲಿದ್ದೇನೆಂದು ತಿಳಿಸುತ್ತಿದ್ದ ದನಿ ಅದು, ಗೋಡೆ ದಾಟಿ ಕೇಳುತ್ತದೆ. ಬೇಲಿಯಿಲ್ಲದ ಕಡೆ ಬೆಲ್ಟ್ ಬಿಚ್ಚಲೇಬೇಡಿ. ಹತ್ತು ಮೀಟರ್ ಹಗ್ಗ, ಹಾರ್ನೆಸ್ ಹಾಕಿ ನಲವತ್ತು ನಿಮಿಷ ಬೇಕಾದಷ್ಟು ಮೂಸಲು ಬಿಟ್ಟರೆ, ಅದೇ ನಲವತ್ತು ನಿಮಿಷ ಎಳೆದುಕೊಂಡು ನಡೆಸಿದ್ದಕ್ಕಿಂತ ಚೆನ್ನಾಗಿ ದಣಿಯುತ್ತದೆ. ಬೆಳಗಿನ ಊಟವನ್ನು ಬಟ್ಟಲಿಗೆ ಹಾಕದೆ ಹುಲ್ಲಿನಲ್ಲಿ ಎರಚಿ ಹುಡುಕಿಸಬಹುದು.

ಡ್ಯಾಶ್‌ಹುಂಡ್‌ಗೆ ವ್ಯಾಯಾಮ ಕಡಿಮೆ ಸಾಕು, ಬೊಗಳು ಕಡಿಮೆಯಲ್ಲ. ಗಿಡ್ಡ ಕಾಲು ಕೊಡುವ ಗುಣವೇ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳನ್ನೂ ಬೇಗ ಗಟ್ಟಿಯಾಗಿಸುತ್ತದೆ. ಸೋಫಾದಿಂದ ಹಾರಲು ಬಿಡದೆ ಇಳಿಜಾರು ಹಲಗೆ ಇಡಿ. ಎತ್ತುವಾಗ ಒಂದು ಕೈ ಎದೆಯಡಿ, ಒಂದು ಕೈ ಹಿಂಭಾಗದಡಿ. ಹಿಂಗಾಲು ತೂರಾಡಿದರೆ ಅದೇ ದಿನ ವೈದ್ಯರಲ್ಲಿಗೆ.

ಪಗ್ ಮತ್ತು ಶಿಹ್ ಟ್ಜು

"ಓಡಾಡಿಸಲು ಸಮಯವಿಲ್ಲ, ಚಿಕ್ಕದಿರಲಿ" ಎನ್ನುವವರ ಪಟ್ಟಿಯಲ್ಲಿ ಇವೆರಡೇ ಮೊದಲು. ಸಮಯ ಉಳಿಯುತ್ತದೆ ಎಂಬುದು ಅರ್ಧ ನಿಜ. ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಪಗ್‌ನ ಮುಖ ಚಪ್ಪಟೆಯಾದರೂ ಅಂಗುಳಿನ ಮಾಂಸ ಕಡಿಮೆಯಾಗಲಿಲ್ಲ, ಅದು ಗಾಳಿಯ ದಾರಿಗೇ ಅಡ್ಡ ಬರುತ್ತದೆ. ಗೊರಕೆಯನ್ನು ಮುದ್ದೆಂದುಕೊಳ್ಳಬೇಡಿ.

ಮರಿ ನೋಡಲು ಹೋದಾಗ ತಾಯಿಯ ಮೂಗಿನ ಹೊಳ್ಳೆ ನೋಡಿ. ತೆರೆದಿರಬೇಕು, ಗೀಟಿನಂತೆ ಮುಚ್ಚಿಕೊಂಡಿರಬಾರದು. ಆಮೇಲೆ ಅದನ್ನು ಮೂರು ನಿಮಿಷ ಚುರುಕು ನಡಿಗೆಯಲ್ಲಿ ಓಡಾಡಿಸಲು ಹೇಳಿ. ಪಶುವೈದ್ಯರು ಉಸಿರಾಟಕ್ಕೆ ಗ್ರೇಡ್ ಕೊಡುವಾಗಲೂ ಓಡಾಟದ ಮೊದಲು ಮತ್ತು ನಂತರ ಉಸಿರನ್ನು ಆಲಿಸುತ್ತಾರೆ. ಹತ್ತಿರ ಹೋಗದೆಯೇ ಕೊರಕೊರ ಸದ್ದು ಕೇಳಿದರೆ, ಅಥವಾ ಓಡಿಸಲು ಮಾಲೀಕರೇ ಹಿಂಜರಿದರೆ, ಆ ಮರಿ ಬೇಡ. ನಾಯಿಯ ಸಹಜ ದೇಹತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಬಿಸಿಲಿಗೆ ಕುಸಿದರೆ ಮೊದಲು ಮೈಮೇಲೆ ನೀರು ಸುರಿದು ಗಾಳಿ ಹಾಕಿ, ನಂತರ ಆಸ್ಪತ್ರೆಗೆ ಒಯ್ಯಿರಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಇನ್ನು ದಿನನಿತ್ಯದ್ದು. ಪಗ್‌ನ ಮೂಗಿನ ಮೇಲಿನ ಮಡಿಕೆಯನ್ನು ದಿನ ಬಿಟ್ಟು ದಿನವಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಬೇಕು. ತೇವ ಉಳಿದರೆ ವಾಸನೆ, ಆಮೇಲೆ ಹುಣ್ಣು. ಗಿಡ್ಡ ಕೂದಲಾದರೂ ಉದುರುವುದು ಹೇರಳ. 7 ಕೆಜಿ ಪಗ್‌ಗೆ ಮೇಲಿನ ಲೆಕ್ಕದಲ್ಲಿ ಬರುವುದು ಸುಮಾರು 480 ಕಿಲೊಕ್ಯಾಲರಿ, ಟ್ರೀಟ್ ಪಾಲು 48. ಮನೆಯಲ್ಲಿ ನಾಲ್ಕು ಜನ ಒಂದೊಂದು ಬಿಸ್ಕತ್ತು ಹಾಕಿದರೆ ಅದು ಎಲ್ಲಿಗೋ ಹೋಯಿತು. ತೂಕ ಏರಿದಷ್ಟೂ ಉಸಿರು ಕಷ್ಟ.

ಶಿಹ್ ಟ್ಜು ಕೂಡ ಚಪ್ಪಟೆ ಮುಖದ್ದೇ, ಆದರೆ ಉಸಿರಿನ ತೊಂದರೆ ಸಾಮಾನ್ಯವಾಗಿ ಪಗ್‌ನಷ್ಟು ಇರುವುದಿಲ್ಲ. ಕೂದಲು ಬಹಳ ಕಡಿಮೆ ಉದುರುತ್ತದೆ, ಆದರೆ ಬೆಳೆಯುತ್ತಲೇ ಇರುತ್ತದೆ: ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಬೇಕು, ಕಣ್ಣಿನ ಸುತ್ತ ದಿನಾ ಒರೆಸಬೇಕು. ನಮ್ಮ ಆಯ್ಕೆ ನಿಸ್ಸಂಶಯವಾಗಿ ಇದೇ. ಕೂದಲಿನ ಕೆಲಸವನ್ನು ಕೈಯಿಂದ ಮಾಡಿ ಮುಗಿಸಬಹುದು, ಉಸಿರಿನದನ್ನು ಹಾಗೆ ಮಾಡಲಾಗದು.

ಜರ್ಮನ್ ಶೆಫರ್ಡ್ ಮತ್ತು ಬಾರ್ಡರ್ ಕಾಲಿ

ಇವೆರಡನ್ನೂ "ಬುದ್ಧಿವಂತ ನಾಯಿ" ಎಂದು ಕೊಳ್ಳುತ್ತಾರೆ. ಬುದ್ಧಿವಂತ ನಾಯಿ ಕೆಟ್ಟದ್ದನ್ನೂ ಬೇಗ ಕಲಿಯುತ್ತದೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಶೆಫರ್ಡ್‌ನಲ್ಲಿ ಕಾಣುವ ಆಕ್ರಮಣದ ಹಿಂದೆ ಬಹಳ ಸಲ ಇರುವುದು ಭಯ. ಮೂರರಿಂದ ಹದಿನಾಲ್ಕು ವಾರದೊಳಗೆ ಬಗೆಬಗೆಯ ಜನ, ವಾಹನ, ಸದ್ದು, ನೆಲ ಪರಿಚಯವಾಗದಿದ್ದರೆ ಒಂದು ವರ್ಷದ ಹೊತ್ತಿಗೆ ಬಾಗಿಲಿಗೆ ಬಂದವರೆಲ್ಲ ಶತ್ರುಗಳಾಗುತ್ತಾರೆ. ಲಸಿಕೆ ಪೂರ್ತಿಯಾಗುವವರೆಗೆ ಕೈಯಲ್ಲೆತ್ತಿಕೊಂಡಾದರೂ ಹೊರಗೆ ತೋರಿಸಿ. ಎದೆ ಆಳವಿರುವ ತಳಿಯಾದ್ದರಿಂದ ಹೊಟ್ಟೆ ತಿರುಚಿಕೊಳ್ಳುವ ಅಪಾಯವೂ ಇದೆ: ವಾಂತಿ ಬಾರದ ಓಕರಿಕೆ, ಉಬ್ಬಿದ ಹೊಟ್ಟೆ, ಚಡಪಡಿಕೆ ಒಟ್ಟಿಗೆ ಕಂಡರೆ ಬೆಳಗಾಗಲೆಂದು ಕಾಯುವಂತಿಲ್ಲ.

ಬಾರ್ಡರ್ ಕಾಲಿ ಕುರಿ ಅಟ್ಟುವ ನಾಯಿ. ಕುರಿಯಿಲ್ಲದಿದ್ದರೆ ಸೈಕಲ್, ಕಾರು, ಓಡುವ ಮಕ್ಕಳ ಹಿಮ್ಮಡಿ. ಜನ ಮಾಡುವ ತಪ್ಪು ಎಂದರೆ ಇನ್ನಷ್ಟು ಓಡಿಸುವುದು. ಗಂಟೆಗಟ್ಟಲೆ ಚೆಂಡೆಸೆದರೆ ಅದಕ್ಕೆ ದಮ್ಮು ಹೆಚ್ಚುತ್ತದೆಯೇ ಹೊರತು ಸಮಾಧಾನ ಬರುವುದಿಲ್ಲ. ಹತ್ತು ಹದಿನೈದು ನಿಮಿಷದ ತಲೆಕೆಲಸ ದಿನಕ್ಕೆ ಮೂರು ಸಲ, ಜೊತೆಗೆ ಚಾಪೆಯ ಮೇಲೆ ಸುಮ್ಮನೆ ಮಲಗುವ ಅಭ್ಯಾಸ ಬೇಕು. ಲೇಸರ್ ಲೈಟ್ ಆಟ ಬೇಡವೇ ಬೇಡ; ಆಮೇಲೆ ನೆರಳು, ಬೆಳಕನ್ನೆಲ್ಲ ಬೆನ್ನಟ್ಟುವ ಗೀಳು ಹತ್ತುತ್ತದೆ. ಮೊದಲ ನಾಯಿಯಾಗಿ ಎರಡೂ ಬೇಡ ಎನ್ನುತ್ತೇವೆ. ಎರಡನೆಯದಾದರೆ ಶೆಫರ್ಡ್.

ಗ್ರೇಹೌಂಡ್

ಗಂಟೆಗೆ 70 ಕಿ.ಮೀ. ಓಡಬಲ್ಲ ಪ್ರಾಣಿ ಸೋಮಾರಿ ಎಂದರೆ ನಂಬುವುದು ಕಷ್ಟ. ಅರ್ಧ ಗಂಟೆಯ ಎರಡು ನಡಿಗೆ, ವಾರಕ್ಕೆ ಒಂದೆರಡು ಸಲ ಬೇಲಿಯೊಳಗೆ ಓಟ ಸಿಕ್ಕರೆ ವಯಸ್ಕ ಗ್ರೇಹೌಂಡ್ ಸುಮ್ಮನಿರುತ್ತದೆ, ಬೊಗಳುವುದೂ ವಿರಳ. ತಲೆಗಿಂತ ಕುತ್ತಿಗೆ ದಪ್ಪವಾದ್ದರಿಂದ ಮಾಮೂಲಿ ಪಟ್ಟಿ ಜಾರಿಹೋಗುತ್ತದೆ, ಎಳೆದಾಗ ತುಸು ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಹಾಕಿ. ಚರ್ಮ ತೆಳು, ಮುಳ್ಳುತಂತಿ ತಾಗಿದರೆ ಹೊಲಿಗೆಯೇ. ಅರಿವಳಿಕೆ ಕೊಡುವ ಮೊದಲು ತಳಿ ಯಾವುದೆಂದು ವೈದ್ಯರಿಗೆ ಹೇಳಲೇಬೇಕು, ಕೆಲವು ಔಷಧಗಳಿಂದ ಇದು ಚೇತರಿಸಿಕೊಳ್ಳುವುದು ಬಹಳ ನಿಧಾನ. ಬೆಕ್ಕಿರುವ ಮನೆಗೆ ಯೋಚಿಸಿ ತನ್ನಿ. ಕಾವಲಿಗೆ ನಾಯಿ ಬೇಕೆನ್ನುವವರಿಗೆ ಇದು ಅಲ್ಲ.

ಕೊಳ್ಳುವ ಮುನ್ನ

ಅಲರ್ಜಿ ತರದ ತಳಿ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಅಲರ್ಜಿ ತರುವ ಪ್ರೋಟೀನ್ ಇರುವುದು ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ಅಲರ್ಜಿ ಇರುವವರು ಅದೇ ನಾಯಿಯ ಜೊತೆ ಹಲವು ಸಲ ಗಂಟೆಗಟ್ಟಲೆ ಕೂತು ನೋಡುವುದೊಂದೇ ಪರೀಕ್ಷೆ.

ತಳಿಯ ಹೆಸರಿಗೆ ಮಿತಿಯೂ ಇದೆ. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲಾಗುವುದು ಸುಮಾರು ಶೇ 9 ಮಾತ್ರ. ಗಾತ್ರ, ಕೂದಲು, ಮೂಗು, ಕೀಲುಗಳನ್ನು ತಳಿ ನೋಡಿ ಆರಿಸಿ; ಸ್ವಭಾವಕ್ಕೆ ಆ ಮರಿಯ ತಾಯಿಯನ್ನು ನೋಡಿ. ತಾಯಿಯನ್ನು ತೋರಿಸದವರಿಂದ, ಎಂಟು ವಾರ ತುಂಬದ ಮರಿ ಕೊಡುವವರಿಂದ ತರಬೇಡಿ. ಲ್ಯಾಬ್, ಗೋಲ್ಡನ್, ಶೆಫರ್ಡ್ ಆದರೆ ತಂದೆತಾಯಿಯ ಸೊಂಟದ ಎಕ್ಸ್‌ರೇ ವರದಿ ಕೇಳಿ.

ಮರಿ ಎಷ್ಟು ತಿಂಗಳಿನದೋ ಅದಕ್ಕೆ ಒಂದು ಸೇರಿಸಿ. ಹಗಲಿನಲ್ಲಿ ಅದು ಮೂತ್ರ ತಡೆದುಕೊಳ್ಳಬಲ್ಲ ಗಂಟೆಗಳ ಗರಿಷ್ಠ ಮಿತಿ ಹೆಚ್ಚುಕಡಿಮೆ ಅಷ್ಟೇ. ಎರಡು ತಿಂಗಳ ಮರಿಗೆ ಮೂರು ಗಂಟೆ. ದಿನಕ್ಕೆ ಎಂಟು ಒಂಬತ್ತು ಗಂಟೆ ಬೀಗ ಹಾಕುವ ಮನೆಗೆ ಯಾವ ತಳಿಯ ಮರಿಯೂ ಹೊಂದುವುದಿಲ್ಲ. ಅಂಥವರು ಮಧ್ಯಾಹ್ನ ಒಂದು ಸಲ ಹೊರಗೊಯ್ಯಲು ಯಾರನ್ನಾದರೂ ಗೊತ್ತುಮಾಡಿಕೊಂಡು, ವಯಸ್ಕ ಗ್ರೇಹೌಂಡನ್ನೋ ಶಾಂತವಾದ ಮಿಶ್ರತಳಿಯ ನಾಯಿಯನ್ನೋ ನೋಡಬಹುದು. ತರುವ ಮೊದಲು ಅದನ್ನು ಇಪ್ಪತ್ತು ನಿಮಿಷ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ.