ಟ್ಯೂರಿನ್‌ನ ಲೊಂಬ್ರೋಸೊ ಮ್ಯೂಸಿಯಂ: ನಿವೃತ್ತ ಜೈಲು ವಾರ್ಡರ್ ಕಂಡಂತೆ

ಇಟಲಿಯಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗಿದ್ದೆ. ಅರಮನೆ, ಚರ್ಚುಗಳೆಲ್ಲ ಮುಗಿದ ಮೇಲೆ, "ಅಮ್ಮಾ, ನಿನ್ನ ಇಲಾಖೆಯದೇ ಒಂದು ಜಾಗ ಇದೆ" ಎಂದು ಅಪರಾಧಿಗಳ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಮಹಿಳಾ ವಿಭಾಗದಲ್ಲಿ 27 ವರ್ಷ ಬೀಗದ ಕೈ ಹಿಡಿದವಳು ನಾನು. ಇಲ್ಲಿಗೆ ಬಂದರೂ ಜೈಲು ಬಿಡಲಿಲ್ಲ.

ಲೊಂಬ್ರೋಸೊ 19ನೇ ಶತಮಾನದ ವೈದ್ಯ. ವಿಲ್ಲೆಲ್ಲಾ ಎಂಬ ಕೈದಿಯ ಬುರುಡೆಯ ಹಿಂಭಾಗದಲ್ಲಿ ಕುಳಿಯೊಂದನ್ನು ಕಂಡು, ಅಪರಾಧಿ ಹುಟ್ಟುತ್ತಲೇ ಅಪರಾಧಿ ಎಂದು ಸಾರಿದ ಮಹಾಶಯ. ಆ ಬುರುಡೆ ಈಗಲೂ ಇಲ್ಲೇ ಇದೆ. ವಿಲ್ಲೆಲ್ಲಾನ ಊರಿನವರು ವಾಪಸ್ ಕೇಳಿ ಕೋರ್ಟಿಗೆ ಹೋಗಿ ಸೋತರು. ಲೊಂಬ್ರೋಸೊನ ಅಸ್ಥಿಪಂಜರವೂ ನಿಂತಿದೆ, ಆದರೆ ಅದು ಅವನೇ ಬರೆದುಕೊಟ್ಟದ್ದು. ಈ ಮ್ಯೂಸಿಯಂಗೆ ನಾನು ಕೊಡುವುದು ಐದರಲ್ಲಿ ನಾಲ್ಕು ಅಂಕ, ಒಂದು ಕಳೆದದ್ದು ವಾಪಸ್ ಕೊಡದ ಆ ವಿಲ್ಲೆಲ್ಲಾನ ಬುರುಡೆಗಾಗಿ. ಸಿದ್ಧಾಂತವೇ ತಪ್ಪೆಂದು ಮ್ಯೂಸಿಯಂ ಮುಚ್ಚುಮರೆಯಿಲ್ಲದೆ ಹೇಳುತ್ತದೆ, ಅದನ್ನು ಮೆಚ್ಚಿದೆ.

1893ರಲ್ಲಿ ಆತ ಫೆರೇರೊ ಎಂಬುವನ ಜೊತೆ ಸೇರಿ ಹೆಂಗಸರ ಬಗ್ಗೆಯೂ ಬರೆದ: ಅವರಲ್ಲಿ ಹುಟ್ಟು ಅಪರಾಧಿಗಳು ಕಡಿಮೆ, ಇದ್ದರೆ ಗಂಡಸಿಗಿಂತ ಕ್ರೂರಿಗಳು. ಕಡಿಮೆ ಎಂಬುದೇನೋ ಸರಿ, ನಮ್ಮ ದೇಶದ ಜೈಲುಗಳಲ್ಲಿ ಹೆಂಗಸರು ನೂರಕ್ಕೆ ಸುಮಾರು ನಾಲ್ವರು. ಕ್ರೂರಿ ಎಂದಾಗ ನಗು ಬಂತು. ಗಂಡಸರ ವಿಭಾಗಕ್ಕೆ ಕಳ್ಳ ಒಬ್ಬನೇ ಬರುತ್ತಿದ್ದ. ನನ್ನ ಕಡೆಗೆ ವರದಕ್ಷಿಣೆ ಸಾವಿನ ಕೇಸಿನಲ್ಲಿ ಅತ್ತೆ, ನಾದಿನಿ ಒಟ್ಟಿಗೇ ಬರುತ್ತಿದ್ದರು, ಮಗ ಗೋಡೆಯಾಚೆ. ಅಂಥ ಅತ್ತೆಯೊಬ್ಬಳು ದಿನಾ ಸಂಜೆ "ಹಸು ಕರೆದರೇನಮ್ಮಾ?" ಎಂದು ನನ್ನನ್ನೇ ಕೇಳುತ್ತಿದ್ದಳು. ಗಂಡನನ್ನು ಕೊಡಲಿಯಿಂದ ಕೊಂದವಳೂ ಇದ್ದಳು. ಒಳಗೆ ಸೇರಿಸಿಕೊಳ್ಳುವಾಗ ಅವಳ ಮೈಮೇಲಿನ ಗುರುತುಗಳನ್ನು ಬರೆದುಕೊಂಡವಳು ನಾನೇ. ಬೆನ್ನಿನ ಹಳೆಯ ಬರೆಗಳು ರಿಜಿಸ್ಟರಿನ ಆ ಅಂಕಣದಲ್ಲಿ ಹಿಡಿಸಲಿಲ್ಲ.

ಜಾಗ ಚಿಕ್ಕದು, ಒಂದೂವರೆ ಗಂಟೆ ಸಾಕು. ಮಕ್ಕಳಿದ್ದರೆ ಅದೇ ಕಟ್ಟಡದ ಹಣ್ಣಿನ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಕೃತಕ ಹಣ್ಣುಗಳಾದರೂ ಕೈ ಹಾಕೋಣ ಎನಿಸುತ್ತದೆ.

ನಾನು ಹೆಚ್ಚು ಹೊತ್ತು ನಿಂತದ್ದು ನೀರಿನ ಹೂಜಿಗಳ ಮುಂದೆ. ಕೈದಿಗಳು ತಮಗೆ ಕೊಟ್ಟ ಮಣ್ಣಿನ ಹೂಜಿಗಳ ಮೇಲೆ ಚಿತ್ರ, ಬರಹ ಕೆರೆದಿದ್ದಾರೆ. ಲೊಂಬ್ರೋಸೊ ಅವನ್ನು ಜೋಪಾನವಾಗಿ ಎತ್ತಿಟ್ಟುಕೊಂಡ. ನಮ್ಮಲ್ಲೊಬ್ಬಳು ಅಲ್ಯುಮಿನಿಯಂ ತಟ್ಟೆಯ ಬೆನ್ನಿಗೆ ಹೇರ್‌ಪಿನ್ನಿನಿಂದ ಚುಕ್ಕಿ ರಂಗೋಲಿ ಕೆರೆದಿದ್ದಳು. ತಪಾಸಣೆಯಲ್ಲಿ ಸಿಕ್ಕಿತು. ಪಿನ್ನು ಕಿತ್ತುಕೊಂಡು, ಬೇರೆ ತಟ್ಟೆ ಕೊಟ್ಟು, ಅದನ್ನು ಗುಜರಿಗೆ ಹಾಕಿಸಿದೆ.